ಮೂಳೆಗಳ ಕಮಾನಿನ ಕೆಳಗೆ ಮಕ್ಕಳ ಜೊತೆ ಕಾಫಿ: ಸ್ವಿಟ್ಜರ್‌ಲ್ಯಾಂಡಿನ ಗೀಗರ್ ಬಾರ್‌ಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಸ್ವಿಟ್ಜರ್‌ಲ್ಯಾಂಡಿಗೆ ಹೋಗುವ ನಮ್ಮ ಕಡೆಯವರ ಪಟ್ಟಿಯಲ್ಲಿ ಯುಂಗ್‌ಫ್ರಾವ್, ಟಿಟ್ಲಿಸ್, ಇಂಟರ್‌ಲಾಕನ್ ಇದ್ದೇ ಇರುತ್ತವೆ. ಎರಡು ಹಿಮದ ಬೆಟ್ಟ ನೋಡುವಷ್ಟರಲ್ಲಿ ಮಕ್ಕಳಿಗೆ ಸಾಕಾಗಿ ಹೋಗುತ್ತೆ. ಮೂರನೆಯದಕ್ಕೆ ಎಳೆದುಕೊಂಡು ಹೋಗುವ ಬದಲು ಒಂದು ದಿನವನ್ನು ಗ್ರುಯೇರ್ ಎಂಬ ಪುಟ್ಟ ಊರಿಗೆ ಕೊಡಿ. ಗುಡ್ಡದ ಮೇಲೆ ಹಳೇ ಕೋಟೆ. ಅದರ ಕೆಳಗೆ ಕಲ್ಲು ಹಾಸಿದ ಅಗಲವಾದ ಬೀದಿ. ಬೀದಿ ದಾಟಿ ಕೋಟೆ ಕಡೆ ಹೊರಟರೆ ದಾರಿಯಲ್ಲೇ ಸಿಗುತ್ತೆ ಎಚ್. ಆರ್. ಗೀಗರ್ ಬಾರ್. ಒಳಗೆ ಕಾಲಿಟ್ಟವರು ಮೊದಲು ತಲೆ ಎತ್ತಿ ಮೇಲೆ ನೋಡುತ್ತಾರೆ. ಚಾವಣಿಯ ತುಂಬ ಬೆನ್ನುಮೂಳೆಗಳ ಕಮಾನು. ಯಾವುದೋ ದೈತ್ಯ ಪ್ರಾಣಿಯ ಹೊಟ್ಟೆಯೊಳಗೆ ಮೇಜು ಕುರ್ಚಿ ಹಾಕಿ ಕಾಫಿ ಕೊಡುತ್ತಿರುವ ಹಾಗಿರುತ್ತೆ.

ಇಂಥ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಖಂಡಿತ ಹೋಗಬಹುದು. ಒಂದೇ ಷರತ್ತು: ಎಷ್ಟು ಹೆದರಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಮಗುವೇ ತೀರ್ಮಾನಿಸುವ ಹಾಗಿರಬೇಕು. ಈ ಬಾರ್ ಅದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಅದರ ಎದುರಿಗೇ ಇರುವ ಮ್ಯೂಸಿಯಂ ಹಾಗಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ, ಅದನ್ನು ಮಾತ್ರ ತಪ್ಪದೆ ಓದಿ.

ಹಂತ 1: ಎಲ್ಲಿಗೆ ಹೋಗುತ್ತಿದ್ದೀರಿ ಅನ್ನೋದು ಮೊದಲು ನಿಮಗೆ ಗೊತ್ತಿರಲಿ

ಹಾನ್ಸ್ ರೂಡಾಲ್ಫ್ ಗೀಗರ್ 1940ರಲ್ಲಿ ಪೂರ್ವ ಸ್ವಿಟ್ಜರ್‌ಲ್ಯಾಂಡಿನ ಖೂರ್ ಎಂಬ ಊರಿನಲ್ಲಿ ಹುಟ್ಟಿದ ಕಲಾವಿದ. ತಂದೆ ಔಷಧಿ ಅಂಗಡಿ ಇಟ್ಟಿದ್ದರು. ಮೂಳೆ, ಯಂತ್ರ, ಮನುಷ್ಯನ ಮೈ ಮೂರನ್ನೂ ಒಂದಕ್ಕೊಂದು ಹೆಣೆದು ಚಿತ್ರ ಬರೆಯುವುದು ಇವರ ಶೈಲಿ. 1979ರ 'ಏಲಿಯನ್' ಸಿನಿಮಾದ ಆ ಕಪ್ಪು ಪ್ರಾಣಿಯನ್ನು ರೂಪಿಸಿದ್ದು ಇವರೇ. ಆ ಚಿತ್ರದ ವಿಶುವಲ್ ಎಫೆಕ್ಟ್ಸ್ ತಂಡದ ಜೊತೆ 1980ರಲ್ಲಿ ಆಸ್ಕರ್ ಕೂಡ ಬಂತು. ಆಮೇಲೆ ಗ್ರುಯೇರ್‌ನಲ್ಲಿ ಸಾಂ ಜರ್ಮಾಂ ಎಂಬ ಹಳೇ ಬಂಗಲೆ ಕೊಂಡು 1998ರಲ್ಲಿ ತಮ್ಮ ಮ್ಯೂಸಿಯಂ ತೆರೆದರು. ಅದರ ಎದುರು 2003ರಲ್ಲಿ ಈ ಬಾರ್ ಶುರುವಾಯಿತು. ಗೀಗರ್ 2014ರಲ್ಲಿ ತೀರಿಕೊಂಡರು.

'ಬಾರ್' ಅಂದ ಕೂಡಲೇ ನಮ್ಮೂರಿನ ಬಾರ್ ಅಂಡ್ ರೆಸ್ಟೋರೆಂಟ್ ನೆನಪಿಗೆ ಬಂದು ಹಿಂಜರಿಯಬೇಡಿ. ಹಗಲಲ್ಲಿ ಇದು ಕೆಫೆ ಇದ್ದ ಹಾಗೆ. ಕಾಫಿ, ಹಾಟ್ ಚಾಕೊಲೇಟ್, ಸಿಹಿತಿಂಡಿಗೆ ಅಂತಲೇ ಬರುವವರು ಜಾಸ್ತಿ. ಅಪ್ಪ ಅಮ್ಮನ ಜೊತೆ ಮಕ್ಕಳು ಬರುವುದು ಅಲ್ಲಿ ಮಾಮೂಲು. ಬಾರ್‌ಗೆ ಹೋಗಲು ಮ್ಯೂಸಿಯಂ ಟಿಕೆಟ್ ಬೇಕಾಗಿಲ್ಲ.

ಇನ್ನೊಂದು ಮುಖ್ಯ ವಿಷಯ. ಇಲ್ಲಿ ಯಾರೂ ಮೂಲೆಯಿಂದ ಹಾರಿ ಬಂದು ಹೆದರಿಸುವುದಿಲ್ಲ. ವೇಷ ಹಾಕಿದ ನಟರಿಲ್ಲ, ದಿಢೀರ್ ಕಿರುಚುವ ಸದ್ದಿಲ್ಲ, ಲೈಟ್ ಆರಿಸಿ ಹೊತ್ತಿಸುವ ಆಟವಿಲ್ಲ. ಮಾಲ್‌ಗಳ ಹಾಂಟೆಡ್ ಹೌಸ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಹಾಂಟೆಡ್ ಹೌಸ್‌ನಲ್ಲಿ ಹೆದರಿಕೆ ಮಗುವಿನ ಮೇಲೆ ಎರಗುತ್ತೆ, ತಪ್ಪಿಸಿಕೊಳ್ಳಲು ಜಾಗ ಇರಲ್ಲ. ಇಲ್ಲಿ ಭಯ ಹುಟ್ಟಿಸುವ ವಸ್ತು ಗೋಡೆಯಲ್ಲಿ, ಚಾವಣಿಯಲ್ಲಿ ಸುಮ್ನೆ ನಿಂತಿರುತ್ತೆ. ಮಗು ಬೇಕಾದಷ್ಟು ಹತ್ತಿರ ಹೋಗಬಹುದು, ಸಾಕು ಅನ್ನಿಸಿದರೆ ಕಣ್ಣು ತಿರುಗಿಸಬಹುದು, ಎದ್ದು ಹೊರಗೆ ಬರಬಹುದು. ಯಾವುದೇ ಊರಿನ ಹೆದರಿಸುವ ಥೀಮ್ ಹೋಟೆಲ್ ಆಗಲಿ, ಬುಕ್ ಮಾಡುವ ಮೊದಲು ಇದೊಂದನ್ನು ವಿಚಾರಿಸಿ: ಅಲ್ಲಿನ ಗೊಂಬೆಗಳು ಅಲುಗಾಡುತ್ತವಾ, ನಟರು ಮೇಜಿನ ಹತ್ತಿರ ಬರ್ತಾರಾ? ಬರ್ತಾರೆ ಅಂದರೆ ಚಿಕ್ಕ ಮಕ್ಕಳನ್ನು ಕರೆದೊಯ್ಯುವುದು ಬೇಡ.

ಹಂತ 2: ನಿಮ್ಮ ಮಗುವಿಗೆ ಇದು ಆಗಿಬರುತ್ತಾ ನೋಡಿ

ವಯಸ್ಸು ಒಂದು ಅಂದಾಜು ಕೊಡುತ್ತೆ, ಅಷ್ಟೇ. ಎರಡು ವರ್ಷದ ಒಳಗಿನ ಕೂಸುಗಳಿಗೆ ಚಾವಣಿ ಹೇಗಿದೆ ಅನ್ನೋದಕ್ಕಿಂತ ಅಮ್ಮನ ಮಡಿಲು ಇದೆಯಾ ಅನ್ನೋದು ಮುಖ್ಯ. ಮೂರರಿಂದ ಆರು ವರ್ಷದವರ ಬಗ್ಗೆ ಹೆಚ್ಚು ಎಚ್ಚರ ಬೇಕು. ಕಲ್ಪನೆ ಜೋರಾಗಿ ಓಡುವ ವಯಸ್ಸು ಅದು. 'ಇದು ನಿಜ, ಇದು ಸುಳ್ಳು' ಅನ್ನುವ ಗೆರೆ ಇನ್ನೂ ಗಟ್ಟಿಯಾಗಿರಲ್ಲ. 'ಅದು ಬೊಂಬೆ ಕಣೋ' ಅಂದರೆ ತಲೆ ಆಡಿಸುತ್ತಾರೆ, ರಾತ್ರಿ ಮಾತ್ರ ನಂಬುವುದಿಲ್ಲ. ಏಳು ವರ್ಷ ದಾಟಿದ ಮಕ್ಕಳಿಗೆ ಈ ಜಾಗ ನಿಜಕ್ಕೂ ಹಬ್ಬ. ಹದಿಹರೆಯದವರಂತೂ ನೀವು ಹೇಳುವ ಮೊದಲೇ ಫೋಟೋ ಹುಡುಕಿ ಇಟ್ಟಿರುತ್ತಾರೆ.

ವಯಸ್ಸಿಗಿಂತ ಸ್ವಭಾವ ನೋಡಿ. ನಮ್ಮ ಕಡೆ ಇದಕ್ಕೆ ಒಳ್ಳೇ ಅಳತೆಗೋಲು ಇದೆ. ಕರಾವಳಿ, ಮಲೆನಾಡಿನ ಮಕ್ಕಳು ಯಕ್ಷಗಾನದ ಬಣ್ಣದ ವೇಷ ನೋಡಿರುತ್ತಾರೆ. ಪಂಜಿನ ಬೆಳಕಲ್ಲಿ ರಾಕ್ಷಸ ಕೂಗುತ್ತಾ ಬಂದಾಗ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡು, ಒಂದು ಕಣ್ಣಲ್ಲಿ ಇಣುಕುತ್ತಿತ್ತಾ? ಹಾಗಿದ್ದರೆ ಅದು ಹೆದರಿಕೆಯನ್ನು ಸವಿಯುತ್ತಿದೆ ಅಂತ ಅರ್ಥ. ಗೀಗರ್ ಬಾರ್‌ಗೆ ಕರೆದೊಯ್ಯಬಹುದು. ಇಣುಕದೆ, ಮೈ ಬಿಗಿಹಿಡಿದು, ಮನೆಗೆ ಹೋಗೋಣ ಅಂತ ಹಟ ಹಿಡಿದಿತ್ತಾ? ಇನ್ನೆರಡು ವರ್ಷ ಕಾಯಿರಿ, ಊರು ಎಲ್ಲಿಗೂ ಓಡಿಹೋಗಲ್ಲ. ಹಾಗೆ ಹೆದರಿದ ಮಕ್ಕಳನ್ನು ಚೌಕಿಗೆ ಕರೆದುಕೊಂಡು ಹೋಗಿ ಬಣ್ಣ ಬಳಿಯುವುದನ್ನು ತೋರಿಸುವ ಪದ್ಧತಿ ಇದೆಯಲ್ವಾ, ಆ ಉಪಾಯ ಇಲ್ಲೂ ಕೆಲಸಕ್ಕೆ ಬರುತ್ತೆ. ಹೇಗೆ ಅನ್ನೋದನ್ನು ಕೆಳಗೆ ಹೇಳುತ್ತೇನೆ.

ಹೊರಡುವ ವಾರ ಮೊದಲೇ ಮನೆಯಲ್ಲಿ ಬಾರ್‌ನ ಫೋಟೋ ತೋರಿಸಿ. ಹಗಲು ಹೊತ್ತು, ಊಟ ಆದಮೇಲೆ, ದೊಡ್ಡ ಪರದೆಯಲ್ಲಿ. ಸರ್‌ಪ್ರೈಸ್ ಕೊಡುವ ಆಸೆ ಇದ್ದರೆ ಬಿಟ್ಟುಬಿಡಿ. ಹೆದರಿಸುವ ಜಾಗದ ವಿಷಯದಲ್ಲಿ ಮಕ್ಕಳಿಗೆ ಸರ್‌ಪ್ರೈಸ್ ಒಳ್ಳೆಯದಲ್ಲ. ಮುಂದೆ ಏನಿದೆ ಅಂತ ಗೊತ್ತಿರುವ ಮಗು ಅರ್ಧ ಗೆದ್ದ ಹಾಗೆ. 'ಏಲಿಯನ್' ಸಿನಿಮಾ ಮಾತ್ರ ತೋರಿಸಬೇಡಿ, ಅದು ದೊಡ್ಡವರದ್ದು.

ಹಂತ 3: ಕಥೆಗಳನ್ನು ಚೀಲದಲ್ಲಿ ಇಟ್ಟುಕೊಂಡು ಹೊರಡಿ

ಈ ಪ್ರವಾಸಕ್ಕೆ ಮೂರು ಒಳ್ಳೆಯ ಕಥೆಗಳಿವೆ. ರೈಲಿನಲ್ಲಿ ಹೇಳಿಕೊಂಡು ಹೋಗಿ.

ಮೊದಲನೆಯದು ಆ ಊರಿನದೇ ದಂತಕಥೆ. ಹಿಂದೆ ಶತ್ರು ಸೈನಿಕರು ಗ್ರುಯೇರ್ ಮೇಲೆ ಬಂದಾಗ ಊರಿನ ಹೆಂಗಸರು ಒಂದು ಉಪಾಯ ಹೂಡಿದರಂತೆ. ಮೇಕೆಗಳ ಕೊಂಬಿಗೆ ಉರಿಯುವ ಮೇಣದಬತ್ತಿ ಕಟ್ಟಿ, ಕತ್ತಲಲ್ಲಿ ಸೈನಿಕರ ಕಡೆಗೆ ಅಟ್ಟಿದರಂತೆ. ಕೊಂಬಿನ ಮೇಲೆ ಬೆಂಕಿ ಹೊತ್ತು ಬರುತ್ತಿರುವ ದೆವ್ವದ ದಂಡು ಅಂದುಕೊಂಡು ಸೈನಿಕರು ಕಾಲಿಗೆ ಬುದ್ಧಿ ಹೇಳಿದರಂತೆ. ಮಕ್ಕಳು ಈ ಕಥೆಗೆ ಬಿದ್ದು ಬಿದ್ದು ನಗುತ್ತಾರೆ. ದೆವ್ವ ಅಂತ ಓಡಿದ್ದು ಮೇಕೆಗಳನ್ನು ನೋಡಿ! ಇದೊಂದೇ ಕಥೆ ಸಾಕು, ಬಾರ್ ಬಾಗಿಲಲ್ಲಿ ನಿಂತಾಗ ಮಗು ತಾನೇ 'ಇದೂ ಮೇಕೆ ಥರಾನೇ ಇರಬೇಕು' ಅನ್ನುತ್ತೆ.

ಎರಡನೆಯದು ಗೀಗರ್ ಬಾಲ್ಯದ್ದು. ಖೂರ್‌ನ ಮ್ಯೂಸಿಯಂನಲ್ಲಿ ಈಜಿಪ್ಟಿನ ಒಂದು ಮಮ್ಮಿ ಇತ್ತು. ಪುಟ್ಟ ಹುಡುಗ ಅದನ್ನು ನೋಡಿ ಬೆಚ್ಚಿದ್ದ. ಆದರೂ ಭಾನುವಾರ ಬಂತೆಂದರೆ ಮತ್ತೆ ಮತ್ತೆ ನೋಡಲು ಹೋಗುತ್ತಿದ್ದನಂತೆ. ಮೂರನೆಯದು, ಅದೇ ಹುಡುಗ ಮನೆಯ ಓಣಿಯಲ್ಲಿ ರಟ್ಟಿನ ಅಸ್ಥಿಪಂಜರ, ದೆವ್ವಗಳನ್ನು ನಿಲ್ಲಿಸಿ ನೆರೆಹೊರೆಯ ಮಕ್ಕಳಿಗಾಗಿ 'ದೆವ್ವದ ರೈಲು' ಮಾಡಿದ್ದ. ದೊಡ್ಡವರಾದ ಮೇಲೂ ಗೀಗರ್‌ಗೆ ಕೆಟ್ಟ ಕನಸುಗಳ ಕಾಟ ಇತ್ತು. ಅವನ್ನೇ ಚಿತ್ರಕ್ಕಿಳಿಸುತ್ತಿದ್ದರು. ಈ ಕಥೆಗಳನ್ನು ಕೇಳಿದ ಮಗುವಿಗೆ ಬಾರ್ ಬೇರೆ ಥರ ಕಾಣುತ್ತೆ. ಅದು ದೆವ್ವದ ಮನೆ ಆಗಿರಲ್ಲ. ತನ್ನ ಹಾಗೆಯೇ ಹೆದರುತ್ತಿದ್ದ ಒಬ್ಬ ಹುಡುಗ ದೊಡ್ಡವನಾಗಿ ಕಟ್ಟಿದ ಮನೆ ಆಗಿರುತ್ತೆ.

ಹಂತ 4: ದಿನ, ದಾರಿ, ಟಿಕೆಟ್

ಗ್ರುಯೇರ್‌ಗೆ ರೈಲಿದೆ. ಮಾಂಟ್ರೋ ಕಡೆಯಿಂದ ಬರುವವರು ಬೆಟ್ಟ ಹತ್ತುವ ರೈಲು ಹಿಡಿದು ಮಾಂಟ್‌ಬೊವಾನ್‌ನಲ್ಲಿ ಇಳಿದು ಬದಲಾಯಿಸಬೇಕು. ಬರ್ನ್ ಕಡೆಯಿಂದ ಬರುವವರಿಗೆ ಫ್ರಿಬೂರ್, ಬುಲ್ ಮೇಲಿನ ದಾರಿ. ಲೋಸಾನ್‌ನಿಂದ ಪಾಲೆಜ್ಯೂ ಮೂಲಕ ಬರಬಹುದು. ಈ ಮೂರರಲ್ಲಿ ಎಲ್ಲಿಂದ ಹೊರಟರೂ ಒಂದೂವರೆ ಗಂಟೆ ಆಸುಪಾಸು ಅಂದುಕೊಳ್ಳಿ. ಇಂಟರ್‌ಲಾಕನ್‌ನಲ್ಲಿ ಉಳಿದವರಿಗೆ ಇನ್ನೂ ಜಾಸ್ತಿ ಆಗುತ್ತೆ, ಬೆಳಗ್ಗೆ ಬೇಗ ಹೊರಡಬೇಕು. ಸ್ವಿಸ್ ರೈಲ್ವೆಯ ಆ್ಯಪ್‌ನಲ್ಲಿ ಊರಿನ ಹೆಸರು ಹಾಕಿದರೆ ಪ್ಲಾಟ್‌ಫಾರ್ಮ್ ಸಮೇತ ತೋರಿಸುತ್ತೆ.

ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಈ ರೈಲುಗಳಿಗೆ ಬೇರೆ ಟಿಕೆಟ್ ಬೇಡ. ಆರು ವರ್ಷದೊಳಗಿನವರಿಗೆ ರೈಲು ಉಚಿತ. ಆರು ತುಂಬಿ ಹದಿನಾರು ತುಂಬದ ಮಕ್ಕಳಿಗೆ, ಪಾಸ್ ಇರುವ ಅಪ್ಪನೋ ಅಮ್ಮನೋ ಜೊತೆಗಿದ್ದರೆ, ಫ್ಯಾಮಿಲಿ ಕಾರ್ಡ್ ಉಚಿತವಾಗಿ ಸಿಗುತ್ತೆ, ಅದಿದ್ದರೆ ಅವರಿಗೂ ರೈಲು ಉಚಿತ. ಪಾಸ್ ಕೊಳ್ಳುವಾಗಲೇ ಕೇಳಿ ತೆಗೆದುಕೊಳ್ಳಿ.

ಯಾವ ದಿನ? ಬೇಸಿಗೆಯ ಶನಿವಾರ, ಭಾನುವಾರ ಬೀದಿ ಗಿಜಿಗುಡುತ್ತೆ. ಬಾರ್ ಒಳಗೆ ಜಾಗ ಕಡಿಮೆ, ಮೇಜುಗಳು ಬೆರಳೆಣಿಕೆಯಷ್ಟು. ಗುಂಪಿನಲ್ಲಿ ಅಡಕಿಕೊಂಡು ಕೂತರೆ ಮಗುವಿಗೆ ಎದ್ದು ಓಡಾಡಲು ಆಗಲ್ಲ. ವಾರದ ನಡುವಿನ ದಿನ ಆರಿಸಿ. ಚಳಿಗಾಲದಲ್ಲಿ ಅಲ್ಲಿನ ಎಷ್ಟೋ ಜಾಗಗಳು ವಾರಕ್ಕೊಂದು ದಿನ ಬಾಗಿಲು ಹಾಕುತ್ತವೆ, ಬೇಗನೂ ಮುಚ್ಚುತ್ತವೆ. ಹಿಂದಿನ ದಿನ ಬಾರ್‌ನ ವೆಬ್‌ಸೈಟಿನಲ್ಲಿ ಸಮಯ ನೋಡಿಕೊಳ್ಳಿ.

ಮತ್ತೆ, ಹಗಲಲ್ಲೇ ಹೋಗಿ. ಹೊರಗೆ ಬಿಸಿಲಿದ್ದರೆ ಬಾಗಿಲು ದಾಟಿದ ಕ್ಷಣಕ್ಕೆ ಮಗು ಬೆಳಕಿಗೆ ಬರುತ್ತೆ. ಹೊರಗೂ ಕತ್ತಲಿದ್ದರೆ ಓಡಿಹೋಗುವ ಜಾಗವೇ ಇಲ್ಲದಂತಾಗುತ್ತೆ.

ಹಂತ 5: ಬಾರ್‌ಗೆ ಕೊನೆಗೆ ಬನ್ನಿ

ರೈಲಿಳಿದ ಕೂಡಲೇ ಸೀದಾ ಬಾರ್‌ಗೆ ಹೋಗಬೇಡಿ. ಹಸಿವು, ಸುಸ್ತು, ಹೊಸ ಜಾಗ ಮೂರೂ ಸೇರಿದರೆ ಧೈರ್ಯದ ಮಗುವೂ ಅಳುತ್ತೆ.

ಸ್ಟೇಷನ್ ಎದುರಿಗೇ ಚೀಸ್ ಮಾಡುವ 'ಲಾ ಮೇಜೋಂ ದು ಗ್ರುಯೇರ್' ಇದೆ. ಬೆಳಗಿನ ಹೊತ್ತು ಹೋದರೆ ದೊಡ್ಡ ತಾಮ್ರದ ಹಂಡೆಗಳಲ್ಲಿ ಹಾಲು ಒಡೆದು ಗಟ್ಟಿಯಾಗುವುದನ್ನು ಗಾಜಿನ ಆಚೆಯಿಂದ ನೋಡಬಹುದು. ಸುಮಾರು 35 ಕೆ.ಜಿ. ತೂಗುವ ಒಂದು ಗಾಲಿ ಚೀಸ್‌ಗೆ ಹತ್ತಿರ ಹತ್ತಿರ 400 ಲೀಟರ್ ಹಾಲು ಬೇಕು. ಮಕ್ಕಳಿಗೆ ಈ ಲೆಕ್ಕ ಬಹಳ ಇಷ್ಟವಾಗುತ್ತೆ.

ಅಲ್ಲಿಂದ ಊರಿಗೆ ಗುಡ್ಡ ಹತ್ತಬೇಕು. ಕಾಲ್ದಾರಿಯಲ್ಲಿ ಕಾಲು ಗಂಟೆ, ಪುಟ್ಟ ಕಾಲುಗಳಿದ್ದರೆ ಇನ್ನೂ ಸ್ವಲ್ಪ. ಬಸ್ಸೂ ಇದೆ, ಆದರೆ ಪದೇ ಪದೇ ಬರಲ್ಲ. ಊರೊಳಗೆ ಕಾರು ಬಿಡುವುದಿಲ್ಲ, ಮಕ್ಕಳು ಕೈ ಬಿಡಿಸಿಕೊಂಡು ಓಡಬಹುದು. ಕೂಸಿನ ತಳ್ಳುಗಾಡಿ ಮಾತ್ರ ಈ ಊರಿಗೆ ಆಗಿಬರಲ್ಲ. ಉರುಟು ಕಲ್ಲಿನ ಮೇಲೆ ಚಕ್ರ ಸಿಕ್ಕಿಕೊಳ್ಳುತ್ತೆ, ಬೀದಿಯೂ ಏರುಮುಖ. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಒಳ್ಳೆಯದು.

ಮೊದಲು ಕೋಟೆ ನೋಡಿ. ಹದಿಮೂರನೇ ಶತಮಾನದ್ದು. ಗ್ರುಯೇರ್‌ನ ಕೊನೆಯ ದೊರೆ ಸಾಲ ತೀರಿಸಲಾಗದೆ 1554ರಲ್ಲಿ ದಿವಾಳಿಯಾಗಿ ಎಲ್ಲವನ್ನೂ ಬಿಟ್ಟುಹೋದ. ಈಗ ಕೋಟೆಯೇ ಮ್ಯೂಸಿಯಂ. ಬೀದಿಯಲ್ಲಿ, ಬಾಗಿಲುಗಳಲ್ಲಿ, ಬಾವುಟದಲ್ಲಿ ಕೊಕ್ಕರೆ ಜಾತಿಯ ಒಂದು ಬಿಳಿ ಹಕ್ಕಿ ಕಾಣುತ್ತೆ, ಅದು ಊರಿನ ಲಾಂಛನ. 'ಎಷ್ಟು ಹಕ್ಕಿ ಸಿಗುತ್ತೆ ಎಣಿಸು' ಅಂತ ಬಿಟ್ಟರೆ ಒಂದು ಗಂಟೆ ಮಕ್ಕಳ ಬಗ್ಗೆ ಚಿಂತೆ ಇಲ್ಲ.

ಕೋಟೆ ಇಳಿದು ಬರುವಾಗ ದಾರಿಯಲ್ಲೇ ಟಿಬೆಟ್ ಮ್ಯೂಸಿಯಂ ಕೂಡ ಇದೆ. ಬೈಲಕುಪ್ಪೆಯ ದೇವಾಲಯ ನೋಡಿರುವ ಮಕ್ಕಳಿದ್ದರೆ ಅದರತ್ತ ಒಂದು ಹೆಜ್ಜೆ ಹಾಕಿ. ಕೋರೆಹಲ್ಲಿನ, ಕೆಂಗಣ್ಣಿನ ಕಾವಲು ದೇವತೆಗಳು ನಮ್ಮ ಮಕ್ಕಳಿಗೆ ಹೊಸದಲ್ಲ. 'ನೋಡಕ್ಕೆ ಭಯ ಆಗುತ್ತೆ, ಆದ್ರೆ ಕಾಯೋ ದೇವರು' ಅಂತ ಮಗು ಹೇಳಿದರೆ, ಬಾರ್‌ಗೆ ತಯಾರಿ ಮುಗಿಯಿತು ಅಂತಲೇ ಲೆಕ್ಕ.

ಹಂತ 6: ಬಾಗಿಲಲ್ಲಿ ಎರಡು ನಿಮಿಷ

ಬಾರ್‌ಗಿಂತ ಮೊದಲು ಕಣ್ಣಿಗೆ ಬೀಳುವುದು ಎದುರಿನ ಮ್ಯೂಸಿಯಂ ಹೊರಗಿನ ಲೋಹದ ಶಿಲ್ಪಗಳು. ಅದರಲ್ಲಿ ಒಂದು, ಬಂದೂಕಿನ ಒಳಭಾಗವನ್ನು ಸೀಳಿ ತೋರಿಸಿದ ಹಾಗಿದೆ. ಗುಂಡುಗಳ ಜಾಗದಲ್ಲಿ ಮುದುಡಿ ಕೂತ ಶಿಶುಗಳು. ಮಕ್ಕಳು 'ಇದ್ಯಾಕೆ ಹೀಗೆ?' ಅಂತ ಕೇಳೇ ಕೇಳುತ್ತಾರೆ. ಮುಚ್ಚಿಡಬೇಡಿ, ಉದ್ದದ ಭಾಷಣವೂ ಬೇಡ. 'ಅವರಿಗೆ ಯುದ್ಧ ಅಂದ್ರೆ ಭಯ ಇತ್ತೇನೋ, ನಿನಗೇನನ್ನಿಸುತ್ತೆ?' ಅಂತ ಮಾತನ್ನು ಮಗುವಿಗೇ ಬಿಡಿ.

ಒಳಗೆ ಹೋಗುವ ಮುನ್ನ ಮೂರು ಮಾತು ಹೇಳಿಕೊಳ್ಳಿ. ಒಂದು, ಒಳಗಿರುವ ಯಾವುದೂ ಅಲುಗಾಡಲ್ಲ. ಎರಡು, ನನ್ನ ಕೈ ಹಿಡಿದುಕೊಂಡೇ ಇರಬಹುದು. ಮೂರು, 'ಹೊರಗೆ' ಅಂತ ನೀನು ಒಂದು ಸಲ ಹೇಳಿದರೆ ಸಾಕು, ಯಾಕೆ ಏನು ಅಂತ ಕೇಳದೆ ಹೊರಗೆ ಬರುತ್ತೇವೆ. ಮೂರನೆಯದು ಬಹಳ ಮುಖ್ಯ. ಆ ಮಾತನ್ನು ನೀವು ಉಳಿಸಿಕೊಳ್ಳುತ್ತೀರಿ ಅಂತ ನಂಬಿಕೆ ಇದ್ದರೆ ಎಷ್ಟೋ ಮಕ್ಕಳು ಅದನ್ನು ಬಳಸುವುದೇ ಇಲ್ಲ.

ಮೊದಲು ದೊಡ್ಡವರಲ್ಲಿ ಒಬ್ಬರು ಒಳಗೆ ಹೋಗಿ ಜಾಗ ನೋಡಿ ಬರಲಿ. ಮಗು ಬಾಗಿಲಲ್ಲೇ ನಿಂತು ಇಣುಕಲಿ. ಹಿಂದಿನಿಂದ ತಳ್ಳುವುದು, 'ಇಷ್ಟು ದೊಡ್ಡವನಾಗಿ ಹೆದರ್ತೀಯಾ?', 'ತಂಗಿ ನೋಡು ಎಷ್ಟು ಧೈರ್ಯ' ಅನ್ನುವುದು ಬೇಡವೇ ಬೇಡ. ಜೊತೆಗೆ ಬಂದ ಚಿಕ್ಕಪ್ಪಂದಿರು, ಸೋದರಮಾವಂದಿರು ಹಿಂದಿನಿಂದ 'ಭೋ!' ಅನ್ನುವ ಅಭ್ಯಾಸ ಇದ್ದವರಾದರೆ ರೈಲಿನಲ್ಲೇ ಮಾತಾಡಿಕೊಂಡು ಬನ್ನಿ. 'ಊಟ ಮಾಡದಿದ್ರೆ ಗುಮ್ಮ ಬರ್ತಾನೆ' ಅನ್ನುವ ಮನೆಯ ಮಾತನ್ನೂ ಆ ದಿನಕ್ಕೆ ಬಿಡಿ.

ಹಂತ 7: ಎಲ್ಲಿ ಕೂರಬೇಕು

ಬೆಳಕು ಬೀಳುವ ಕಡೆ, ಬಾಗಿಲಿಗೆ ಹತ್ತಿರ ಇರುವ ಮೇಜು ಕೇಳಿ. ಮಗುವಿಗೆ ಬಾಗಿಲು ಕಾಣುವ ಹಾಗೆ ಕೂರಿಸಿ. ಹವೆ ಚೆನ್ನಾಗಿದ್ದರೆ ಹೊರಗೂ ಕೂರಬಹುದು. ಒಬ್ಬರು ಹೊರಗೆ, ಒಬ್ಬರು ಒಳಗೆ ಕೂತರೆ ಮಗು ಎರಡೂ ಕಡೆ ಓಡಾಡಿಕೊಂಡಿರುತ್ತೆ. ಮೂರ್ನಾಲ್ಕು ವರ್ಷದ ಮಕ್ಕಳಿದ್ದರೆ ನಾನು ಇದನ್ನೇ ಹೇಳುವುದು.

ಕುರ್ಚಿಗಳನ್ನು ಹತ್ತಿರದಿಂದ ನೋಡಿ. ಒರಗುವ ಬೆನ್ನು ಪೂರ್ತಿ ಒಂದರ ಮೇಲೊಂದು ಜೋಡಿಸಿದ ಬೆನ್ನುಮೂಳೆ. ಅದು ಕೂತವರ ತಲೆಗಿಂತಲೂ ಎತ್ತರಕ್ಕೆ ಹೋಗುತ್ತೆ. ದೊಡ್ಡವರು ಕೂತರೆ ರಾಜನ ಸಿಂಹಾಸನ, ಮಕ್ಕಳು ಕೂತರೆ ಕಾಲು ನೆಲಕ್ಕೆ ಎಟುಕದೆ ನೇತಾಡುತ್ತೆ. ಈ ಜಾತಿಯ ಕುರ್ಚಿಯನ್ನು ಗೀಗರ್ ಮೊದಲು ರೂಪಿಸಿದ್ದು, ಕೊನೆಗೂ ತಯಾರಾಗದೆ ಹೋದ ಒಂದು ಸಿನಿಮಾಕ್ಕಾಗಿ. ಮಗುವಿನ ಕೈಯನ್ನು ಕುರ್ಚಿಯ ಮೂಳೆಯ ಮೇಲಿಟ್ಟು ಕೇಳಿ: ತಣ್ಣಗಿದೆಯಾ? ಗಟ್ಟಿಯಾ? ಜೋಡಿಸಿದ ಗೆರೆ ಎಲ್ಲಿದೆ? ಈಗ ನಿನ್ನ ಬೆನ್ನು ಮುಟ್ಟಿ ನೋಡು, ಅಲ್ಲೂ ಇದೇ ಥರ ಒಂದೊಂದೇ ಮಣಿ ಸಿಗುತ್ತೆ. ಚೌಕಿಯ ಉಪಾಯ ಅಂದಿದ್ದು ಇದನ್ನೇ. ಹೇಗೆ ಮಾಡಿದರು ಅಂತ ಯೋಚಿಸಲು ಶುರು ಮಾಡಿದ ಮಗು ಹೆದರುವುದನ್ನು ಅರ್ಧಕ್ಕೇ ನಿಲ್ಲಿಸುತ್ತೆ.

ಗೋಡೆಯ ಒಂದು ಭಾಗದಲ್ಲಿ ಶಿಶುಗಳ ಮುಖ ಸಾಲು ಸಾಲಾಗಿ ಉಬ್ಬಿಕೊಂಡಿವೆ. ಇಡೀ ಬಾರ್‌ನಲ್ಲಿ ಮಕ್ಕಳನ್ನು ಹೆಚ್ಚು ಕಾಡಬಹುದಾದದ್ದು ಅದೇ. ಮೂಳೆ ಅಂದರೆ ಡೈನೋಸಾರ್ ಅಂತ ಮಕ್ಕಳು ಒಪ್ಪಿಕೊಂಡುಬಿಡುತ್ತಾರೆ. ಮುಖ ಹಾಗಲ್ಲ, ಅದು ತಿರುಗಿ ನೋಡುವ ಹಾಗಿರುತ್ತೆ. ಪುಟ್ಟ ಮಕ್ಕಳನ್ನು ಆ ಗೋಡೆಗೆ ಬೆನ್ನು ಹಾಕಿ ಕೂರಿಸಬೇಡಿ, ಹಿಂದೆ ಏನೋ ಇದೆ ಅನ್ನಿಸುತ್ತಿರುತ್ತೆ. ಅದು ಪಕ್ಕಕ್ಕೆ, ದೂರಕ್ಕೆ ಇರಲಿ.

ಹಂತ 8: ಏನು ತಿನ್ನಬೇಕು, ಏನನ್ನು ಕೇಳಿ ತಿನ್ನಬೇಕು

ಊಟವನ್ನು ಬೇರೆ ಕಡೆ ಮುಗಿಸಿ, ಇಲ್ಲಿ ಸಿಹಿ ಮತ್ತು ಬಿಸಿ ಕುಡಿಯುವುದಕ್ಕೆ ಕೂರುವುದು ಒಳ್ಳೆಯದು. ಗ್ರುಯೇರ್ ಸೀಮೆಯ ಹೆಸರಾಂತ ಸಿಹಿ ಮೆರಾಂಗ್ ಮತ್ತು ಡಬಲ್ ಕ್ರೀಮ್. ಮೊಟ್ಟೆಯ ಬಿಳಿಭಾಗ ಮತ್ತು ಸಕ್ಕರೆ ನೊರೆಯಾಗಿಸಿ ಒಣಗಿಸಿ ಬೇಯಿಸಿದ್ದು ಮೆರಾಂಗ್. ಮುಟ್ಟಿದರೆ ಪುಡಿಯಾಗುವಷ್ಟು ಹಗುರ. ಪಕ್ಕದಲ್ಲಿ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ ಕೆನೆ. ಮೂಳೆಗಳ ಕಮಾನಿನ ಕೆಳಗೆ ಕೂತು ಬೆಳ್ಳನೆ ಮೆರಾಂಗನ್ನು ಕಟಕಟ ಅಂತ ಮುರಿಯುವಾಗ ಮಕ್ಕಳಿಗೆ ಏನು ಹೊಳೆಯುತ್ತೆ ಅನ್ನೋದನ್ನು ಹೇಳಬೇಕಾಗಿಲ್ಲ. ಒಂದು ತಟ್ಟೆ ಇಬ್ಬರು ಮಕ್ಕಳಿಗೆ ಸಾಕು, ಕೆನೆ ಬಹಳ ಜಿಡ್ಡು.

ಸಸ್ಯಾಹಾರಿ ಮನೆಯವರು ಇಲ್ಲಿ ಸ್ವಲ್ಪ ನಿಂತು ಓದಿ. ಮೆರಾಂಗ್‌ನಲ್ಲಿ ಮೊಟ್ಟೆ ಇದೆ. ಮೊಟ್ಟೆ ತಿನ್ನದವರಿಗೆ ಬೇಸಿಗೆಯಲ್ಲಿ ಹಣ್ಣಿನ ಜೊತೆ ಬರೀ ಕೆನೆ ಸಿಗುತ್ತಾ ಕೇಳಬಹುದು. ಗ್ರುಯೇರ್ ಚೀಸ್ ಹಾಲಿನದ್ದೇ ಆದರೂ ಅದನ್ನು ಹೆಪ್ಪುಗಟ್ಟಿಸುವ ರೆನ್ನೆಟ್ ಬರುವುದು ಕರುವಿನ ಹೊಟ್ಟೆಯಿಂದ. ಕಟ್ಟುನಿಟ್ಟಾಗಿ ಪಾಲಿಸುವ ಅಜ್ಜ ಅಜ್ಜಿ ಜೊತೆಗಿದ್ದರೆ ಇದನ್ನು ಮೊದಲೇ ಹೇಳಿ, ತಿಂದಮೇಲೆ ಗೊತ್ತಾದರೆ ಅವರಿಗೆ ನೋವಾಗುತ್ತೆ. ಬೀದಿಯ ಹೋಟೆಲ್‌ಗಳಲ್ಲಿ ಸಿಗುವ, ಕರಗಿಸಿದ ಚೀಸ್‌ಗೆ ಬ್ರೆಡ್ ಅದ್ದಿ ತಿನ್ನುವ ಫಾಂಡ್ಯೂಗೆ ಸಾಮಾನ್ಯವಾಗಿ ಬಿಳಿ ವೈನ್ ಹಾಕುತ್ತಾರೆ, ಎಷ್ಟೋ ಕಡೆ ಚೆರಿ ಹಣ್ಣಿನ ಮದ್ಯವನ್ನೂ ಸೇರಿಸುತ್ತಾರೆ. ಕುದಿಸಿದರೂ ಅದು ಪೂರ್ತಿ ಹೋಗಲ್ಲ. ಮಕ್ಕಳಿಗೆ ಬೇಯಿಸಿದ ಆಲೂಗಡ್ಡೆ ಜೊತೆ ಕರಗಿಸಿದ ಚೀಸ್ ಕೊಡುವ ರಾಕ್ಲೆಟ್ ಮೇಲು.

ಬಾರ್‌ನಲ್ಲೂ ಕಾಫಿ, ಚಾಕೊಲೇಟ್ ಹೇಳುವಾಗ 'ಸಾಂಜ್ ಅಲ್ಕೋಲ್' ಅಂದರೆ ಮದ್ಯ ಹಾಕದ್ದು, 'ಸಾಂ ವಿಯಾಂಡ್' ಅಂದರೆ ಮಾಂಸ ಇಲ್ಲದ್ದು. ಅಲ್ಲಿ ಫ್ರೆಂಚ್ ಮಾತಾಡುತ್ತಾರೆ, ಇಂಗ್ಲಿಷೂ ನಡೆಯುತ್ತೆ. ಬೇರೆ ಗ್ರಾಹಕರು ಮದ್ಯ ಕುಡಿಯುತ್ತಿರಬಹುದು. ಮಕ್ಕಳ ಎದುರು ಅದು ಬೇಡ ಅನ್ನುವವರು ಮಧ್ಯಾಹ್ನ ಎರಡು ಮೂರು ಗಂಟೆಯ ಒಳಗೆ ಬಂದು ಹೋಗಿ. ನೀರಿಗೆ ದುಡ್ಡು ಕೊಡುವ ಬದಲು ಬೀದಿಯ ಕಾರಂಜಿಯಲ್ಲಿ ಬಾಟಲಿ ತುಂಬಿಸಿಕೊಳ್ಳಬಹುದು. ಕುಡಿಯಬಾರದ ನೀರಾದರೆ 'ನಾನ್ ಪೋಟಾಬ್ಲ್' ಅಂತ ಬೋರ್ಡ್ ಇರುತ್ತೆ.

ಹಂತ 9: ಒಳಗೆ ಮಾಡುವ ಕೆಲಸ

ಸುಮ್ನೆ ಕೂತ ಮಗುವಿಗೆ ಭಯ ಹೆಚ್ಚು, ಕೆಲಸ ಇರುವ ಮಗುವಿಗೆ ಕಡಿಮೆ. ಒಂದು ಪುಟ್ಟ ಪುಸ್ತಕ, ಪೆನ್ಸಿಲ್ ಒಯ್ಯಿರಿ. ಚಾವಣಿಯ ಒಂದು ಕಮಾನಿನಲ್ಲಿ ಎಷ್ಟು ಮೂಳೆ ಇದೆ ಎಣಿಸಲಿ. ಕಮಾನುಗಳು ಎಲ್ಲಿ ಒಂದನ್ನೊಂದು ದಾಟುತ್ತವೆ ಹುಡುಕಲಿ. ಈ ಪ್ರಾಣಿಗೆ ತಲೆ ಇದ್ದಿದ್ದರೆ ಯಾವ ಕಡೆ ಇರುತ್ತಿತ್ತು, ಬಾಲ ಎಲ್ಲಿ, ನಾವು ಕೂತಿರುವುದು ಹೊಟ್ಟೆಯಲ್ಲಾ ಎದೆಯಲ್ಲಾ? ಚಿತ್ರ ಬರೆಯಲು ಬಿಡಿ. ಪ್ರಾಣಿಗೆ ಒಂದು ಹೆಸರಿಡಲು ಹೇಳಿ. ಹೆಸರು ಬಿದ್ದ ಪ್ರಾಣಿಗೆ ಮಕ್ಕಳು ಜಾಸ್ತಿ ಹೆದರುವುದಿಲ್ಲ.

ಫೋಟೋ ತೆಗೆಯಿರಿ, ಆದರೆ ಪಕ್ಕದ ಮೇಜಿನವರ ಮುಖ ಬೀಳದಿರಲಿ. ಮಗು ಹೆದರಿ ಅಳುತ್ತಿರುವಾಗ ವಿಡಿಯೋ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವುದು ತಪ್ಪು. ಅದು ಅದರ ಜೀವ ಹೋಗುವಂಥ ಕ್ಷಣ, ನಮ್ಮ ತಮಾಷೆಗೆ ಇರುವುದಲ್ಲ.

ನಲವತ್ತು ನಿಮಿಷದಿಂದ ಒಂದು ಗಂಟೆ ಸಾಕು. ಮಗು ಇನ್ನೂ ಖುಷಿಯಲ್ಲಿರುವಾಗಲೇ ಎದ್ದರೆ ಒಳ್ಳೆಯದು.

ಹಂತ 10: ಹೆದರಿದರೆ ಏನು ಮಾಡಬೇಕು

ಮಾತು ನಿಲ್ಲಿಸುವುದು, ತಿನ್ನುವುದನ್ನು ಬಿಡುವುದು, ಮೈಗೆ ಅಂಟಿಕೊಳ್ಳುವುದು, ಇದ್ದಕ್ಕಿದ್ದಂತೆ 'ಬಾತ್‌ರೂಮ್' ಅನ್ನುವುದು, ಇವೆಲ್ಲ ಅಳುವಿಗಿಂತ ಮೊದಲು ಬರುವ ಗುರುತುಗಳು. ಕಂಡರೆ ಎದ್ದು ಹೊರಗೆ ಬನ್ನಿ. ಬಿಲ್ ಕೊಡಲು ಒಬ್ಬರು ಉಳಿಯಲಿ. ಹೊರಗೆ ಬಂದು ನೀರು ಕೊಡಿ, ಬಿಸಿಲಲ್ಲಿ ಕೂರಿಸಿ. 'ಏನಿಲ್ಲ, ಏನಿಲ್ಲ' ಅನ್ನಬೇಡಿ. ಅದಕ್ಕೆ ಏನೋ ಆಗಿದೆ. 'ಭಯ ಆಯ್ತು ಅಲ್ವಾ? ಯಾವುದು ನೋಡಿ?' ಅಂತ ಕೇಳಿ, ಹೇಳುವವರೆಗೂ ಕಾಯಿರಿ. ಸ್ವಲ್ಪ ಹೊತ್ತಾದ ಮೇಲೆ ತಾನಾಗೇ 'ಇನ್ನೊಂದು ಸಲ ಬಾಗಿಲಿಂದ ನೋಡ್ತೀನಿ' ಅಂದರೆ ಕರೆದೊಯ್ಯಿರಿ. ಅನ್ನದಿದ್ದರೆ ಅಲ್ಲಿಗೆ ಬಿಡಿ.

ಹಂತ 11: ಮ್ಯೂಸಿಯಂ ಬೇಡ

ಎದುರಿನ ಮ್ಯೂಸಿಯಂಗೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಬಾರ್‌ನಲ್ಲಿರುವುದು ಮೂಳೆ, ಕಮಾನು, ಆಕಾರ. ಮ್ಯೂಸಿಯಂನಲ್ಲಿರುವುದು ಗೀಗರ್‌ನ ಚಿತ್ರಗಳು. ಸಾವು, ಹಿಂಸೆ, ಬೆತ್ತಲೆ ಮೈ, ಲೈಂಗಿಕ ದೃಶ್ಯಗಳು ಒಂದರೊಳಗೊಂದು ಬೆರೆತಿರುತ್ತವೆ. ದೊಡ್ಡವರಿಗೆ ಮಾತ್ರ ಅಂತ ಬೇರೆ ಮಾಡಿರುವ ಕೋಣೆಯೂ ಇದೆ, ಆದರೆ ಅದರ ಹೊರಗಿರುವ ಚಿತ್ರಗಳೂ ಮಕ್ಕಳಿಗೆ ಹೇಳಿದ್ದಲ್ಲ. ಕಲೆಯಾಗಿ ಅವು ಬಹಳ ದೊಡ್ಡ ಕೆಲಸ, ದೊಡ್ಡವರು ನೋಡಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ. ಹಾಗಾಗಿ ಪಾಳಿ ಮಾಡಿಕೊಳ್ಳಿ. ಒಬ್ಬರು ಮಕ್ಕಳ ಜೊತೆ ಬೀದಿಯಲ್ಲಿ, ಒಬ್ಬರು ಮ್ಯೂಸಿಯಂನಲ್ಲಿ, ಆಮೇಲೆ ಅದಲು ಬದಲು. ಹದಿನಾರು ಹದಿನೇಳರ ಮಕ್ಕಳಿದ್ದರೆ ನೀವು ಮೊದಲು ನೋಡಿ ಬಂದು, ಅವರ ಜೊತೆ ಮಾತಾಡಿ ತೀರ್ಮಾನಿಸಿ.

ಹಂತ 12: ಆ ರಾತ್ರಿ

ಹಗಲು ನಕ್ಕ ಮಗುವಿಗೆ ರಾತ್ರಿ ಹೋಟೆಲ್ ರೂಮಿನಲ್ಲಿ ಚಾವಣಿ ನೋಡಿ ಭಯ ಆಗಬಹುದು. ಅದು ಸಹಜ. ಬಾತ್‌ರೂಮ್ ಲೈಟ್ ಹಾಕಿ ಬಾಗಿಲು ಓರೆ ಮಾಡಿ. ಬಾರ್‌ನಲ್ಲಿ ಬರೆದ ಪ್ರಾಣಿಯ ಚಿತ್ರ ತೆಗೆಸಿ, ಅದಕ್ಕೆ ಟೋಪಿ, ಮೀಸೆ, ಕೈಯಲ್ಲಿ ಮೆರಾಂಗ್ ಬರೆಯಲು ಹೇಳಿ. ಮೇಕೆಗಳ ಕಥೆಯನ್ನು ಇನ್ನೊಂದು ಸಲ ಹೇಳಿ, ಈ ಸಲ ಮಗುವೇ ಹೇಳಲಿ. ಒಂದೆರಡು ರಾತ್ರಿ ಪಕ್ಕದಲ್ಲಿ ಮಲಗಬೇಕಾಗಬಹುದು. ವಾರ ಕಳೆದರೂ ನಿದ್ದೆ ಕೆಡುತ್ತಿದ್ದರೆ ಊರಿಗೆ ಬಂದಮೇಲೆ ಮಕ್ಕಳ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ.

ಮಗುವಿಗೆ ಬಹಳ ಇಷ್ಟವಾಗಿ 'ಮತ್ತೆ ಹೋಗೋಣ' ಅಂದರೆ, ಗೀಗರ್ ಹುಟ್ಟಿದ ಖೂರ್‌ನಲ್ಲಿ 1992ರಲ್ಲಿ ಶುರುವಾದ ಇನ್ನೊಂದು ಗೀಗರ್ ಬಾರ್ ಇದೆ. ಗ್ಲೇಸಿಯರ್ ಎಕ್ಸ್‌ಪ್ರೆಸ್ ಅಥವಾ ಬರ್ನಿನಾ ಎಕ್ಸ್‌ಪ್ರೆಸ್ ಹತ್ತುವವರಿಗೆ ಖೂರ್ ದಾರಿಯಲ್ಲೇ ಸಿಗುತ್ತೆ. ಅದು ಹಳೇ ಕಲ್ಲಿನ ಕಟ್ಟಡದಲ್ಲಿಲ್ಲ, ಊರ ಹೊರಗಿನ ಮಾಮೂಲು ವಾಣಿಜ್ಯ ಕಟ್ಟಡದಲ್ಲಿದೆ. ಸ್ಟೇಷನ್ನಿನಿಂದ ಬಸ್ಸು ಹಿಡಿಯಬೇಕು, ತೆರೆದಿರುವ ಸಮಯ ಬೇರೆ. ಎರಡು ರೈಲುಗಳ ನಡುವೆ ಎರಡು ಗಂಟೆ ಬಿಡುವು ಇಟ್ಟುಕೊಂಡು ಟಿಕೆಟ್ ಮಾಡಿಸಿ.